ಒಂದೇ ದುಡ್ಡಿಗೆ ಎರಡು 911: ಹೊಗೆ ಬಿಡುವ ಹಳೆಯದು, ತುಂಬಾ ಓಡಿದ ಹೊಸದು

ಸ್ಟುಟ್‌ಗಾರ್ಟ್ ಸುತ್ತ ಪೋರ್ಷೆ 911 ಹುಡುಕುವವರಿಗೆಲ್ಲ ಸಿಗುವ ಸಲಹೆ ಒಂದೇ. ಕಮ್ಮಿ ಓಡಿದ್ದು, ಹೊಳೆಯುವುದು ತಗೋ. ನಾನು ತಗೊಂಡ 1986ರ ಕರೆರಾ 3.2 ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಅಂದರೆ ಎಂಜಿನ್ ಆಯಿಲ್ ಸುಡುತ್ತಿತ್ತು. ಆಮೇಲೆ ತಗೊಂಡ 2009ರ 997 (911ರ ಆಗಿನ ತಲೆಮಾರಿನ ಸಂಕೇತ) ಕರೆರಾ ಎಸ್, ಮ್ಯಾನ್ಯುಯಲ್, ಒಂದೂವರೆ ಲಕ್ಷ ಕಿಲೋಮೀಟರ್ ಹತ್ತಿರ ಓಡಿತ್ತು. ಗೆಳೆಯರು ಬೈದರು. ಈಗ ಅವರೇ ಕಾರು ನೋಡಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ.

ನನ್ನ ಲೆಕ್ಕ ಇಷ್ಟೇ. ಹಳೆಯದರಲ್ಲಿ ಮೊದಲು ಬಾಡಿ, ಕೊನೆಗೆ ಎಂಜಿನ್. ಹೊಸದರಲ್ಲಿ ಇದು ಉಲ್ಟಾ.

3.2 ಎಂಜಿನ್ ಸವೆದಿದ್ದರೆ ಖರ್ಚು ಮೊದಲೇ ಗೊತ್ತಾಗುತ್ತದೆ. ತುಕ್ಕಿನ ಖರ್ಚಿಗೆ ತಳವೇ ಇಲ್ಲ. 1976ರ ಮಾಡೆಲ್‌ನಿಂದ ಬಾಡಿಗೆ ಸತುವಿನ ಲೇಪನ ಇದೆ, ನಿಜ. ಆದರೂ ಬಾಗಿಲಿನ ಲಾಕ್ ಕೂರುವ ಕಂಬ, ಬಾಗಿಲ ಕೆಳಗಿನ ಸಿಲ್, ಬ್ಯಾಟರಿ ಕೆಳಗಿನ ತಗಡು ನೋಡಲೇಬೇಕು. ಇನ್ನೊಂದು ಜಾಗ ಇದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹೊಸ ಬಣ್ಣ ಬಳಿದು 65 ಸಾವಿರ ಯೂರೋ ಕೇಳಿದ ಒಂದು ಕಾರಿನ ಸಿಲ್ ಮೇಲೆ ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಇಟ್ಟರೆ ಸಾವಿರ ಮೈಕ್ರಾನ್ ದಾಟಿತು. ಪೂರ್ತಿ ಪುಟ್ಟಿ! ನನ್ನ ಕಾರು ಸಿಕ್ಕಿದ್ದು ಸುಮಾರು 48 ಸಾವಿರಕ್ಕೆ. ಬಣ್ಣ ಮಾಸಿತ್ತು, ತಗಡು ಗಟ್ಟಿ.

ಮೊದಲ ಗ್ಯಾರೇಜ್‌ನವರು ಗ್ಯಾಸ್ಕೆಟ್ ಬದಲಾಯಿಸಿ ಎರಡು ಸಾವಿರ ತಗೊಂಡರು, ಹೊಗೆ ಹಾಗೇ ಉಳಿಯಿತು. ಎರಡನೆಯವರು ಹೆಡ್ ಬಿಚ್ಚಿದಾಗ ವಾಲ್ವ್ ಗೈಡ್ ಸವೆದಿತ್ತು, ಹೆಡ್ ಹಿಡಿದಿಡುವ ಒಂದು ಸ್ಟಡ್ ಮುರಿದಿತ್ತು. ಹದಿನಾಲ್ಕು ಸಾವಿರದ ಆಸುಪಾಸು ಆಯಿತು. ಎಲ್ಲ ಸೇರಿಸಿದರೂ ಆ ಪುಟ್ಟಿ ಕಾರಿನ ಬೆಲೆಗಿಂತ ಜಾಸ್ತಿ ಆಗಲಿಲ್ಲ ಅಲ್ವಾ?

ಹೆಡ್ ಬಿಚ್ಚುವ ಮೊದಲು ಸುಮ್ನೆ ಒಂದು ಪ್ರಯೋಗ ಮಾಡಿದ್ದೆ. 15ಡಬ್ಲ್ಯೂ-40 ಆಯಿಲ್ ತೆಗೆದು ಅದಕ್ಕಿಂತ ಮಂದವಾದ 20ಡಬ್ಲ್ಯೂ-50 ಹಾಕಿದೆ. ಸಾವಿರ ಕಿಲೋಮೀಟರ್‌ಗೆ ಒಂದೂವರೆ ಲೀಟರ್ ಕುಡಿಯುತ್ತಿದ್ದದ್ದು ಒಂದು ಲೀಟರ್ ಹತ್ತಿರ ಇಳಿಯಿತು. ಬೇಸಿಗೆಗೆ ಸರಿ, ಚಳಿಗೆ ಬೇಡ. ಅಂದಹಾಗೆ, ಈ ಎಂಜಿನ್‌ನ ಆಯಿಲ್ ಮಟ್ಟ ನೋಡಬೇಕಾದ್ದು ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗ. ತಣ್ಣಗಿರುವ ಕಾರಿನ ಡಿಪ್‌ಸ್ಟಿಕ್ ತೋರಿಸುವವರ ಹತ್ತಿರ ಚೌಕಾಸಿಗೂ ನಾನು ನಿಲ್ಲುವುದಿಲ್ಲ.

997ರ ವಿಷಯ ಬೇರೆ. ಅದರ ಎರಡನೇ ತಲೆಮಾರಿನ ಎಂಜಿನ್‌ನಲ್ಲಿ ಹಿಂದಿನ ಎಂಜಿನ್‌ಗಳನ್ನು ಕೆಡಿಸಿದ ಕುಖ್ಯಾತ ಐಎಂಎಸ್ ಬೇರಿಂಗೇ ಇಲ್ಲ. ಆದರೂ ಎಂಡೋಸ್ಕೋಪ್ ಇಳಿಸಿ ಸಿಲಿಂಡರ್ ಗೋಡೆ ನೋಡಿಸಿದೆ, ಗೀರು ಇರಲಿಲ್ಲ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಡಿಎಂಇಯಿಂದ ಓವರ್‌ರೆವ್ ವರದಿ, ಅಂದರೆ ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕ, ತೆಗೆಸಿದೆ. ಅದರಲ್ಲೇ ಎಂಜಿನ್ ಓಡಿದ ಗಂಟೆಗಳೂ ಬರುತ್ತವೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿದೆ, 65ರ ಹತ್ತಿರ ಬಂತು. ಅಂದರೆ ಆಟೋಬಾನ್‌ನಲ್ಲಿ ಹದವಾಗಿ ಓಡಿದ ಕಾರು. ಊರೊಳಗೆ ತಣ್ಣನೆ ಎಂಜಿನ್‌ನಲ್ಲಿ ಚೂರುಪಾರು ಓಡಿದ 50 ಸಾವಿರ ಕಿಲೋಮೀಟರ್‌ನ ಕಾರಿಗಿಂತ ಇದೇ ಮೇಲು. ಬೆಲೆಯೂ ಅಂಥದ್ದಕ್ಕಿಂತ ಹತ್ತು ಸಾವಿರ ಯೂರೋ ಕಮ್ಮಿ ಆಯಿತು. ಮುಂದಿನ ಬಂಪರ್‌ನಲ್ಲಿ ಎಲೆ ತುಂಬಿ ಎಸಿ ಕಂಡೆನ್ಸರ್ ತುಕ್ಕು ಹಿಡಿದಿತ್ತು, ಅದಕ್ಕೆ ಸಾವಿರ ಚಿಲ್ಲರೆ.

ಓಡಿಸುವುದರಲ್ಲಿ? 997ರ 385 ಎಚ್‌ಪಿ ಎದುರು 3.2ರದ್ದು 231. ಆದರೂ ಶ್ವಾರ್ಟ್ಸ್‌ವಾಲ್ಡ್ (ಬ್ಲ್ಯಾಕ್ ಫಾರೆಸ್ಟ್) ಬೆಟ್ಟಗಳ ಬಿ500 ರಸ್ತೆಯಲ್ಲಿ ಖುಷಿ ಕೊಡುವುದು 3.2. ಅದರ 915 ಗೇರ್‌ಬಾಕ್ಸ್‌ಗೆ ಜನ ಹೆದರುತ್ತಾರೆ, 1987ರಿಂದ ಬಂದ ಜಿ50ಗೆ ಹೆಚ್ಚು ಕೊಡುತ್ತಾರೆ. ಬಿಸಿಯಾಗುವ ತನಕ ಎರಡನೇ ಗೇರ್‌ಗೆ ಅವಸರ ಮಾಡದಿದ್ದರೆ 915 ಏನೂ ತೊಂದರೆ ಕೊಡುವುದಿಲ್ಲ. ಜರ್ಮನಿಯಲ್ಲಿ ಹಳೆ ಕಾರುಗಳಿಗೆ ಕೊಡುವ ಎಚ್ ಪ್ಲೇಟ್ ಇರುವುದರಿಂದ ತೆರಿಗೆಯೂ ವರ್ಷಕ್ಕೆ 191 ಯೂರೋ ಚಿಲ್ಲರೆ ಮಾತ್ರ. ಸಂಗ್ರಹಕ್ಕೆ ಒಂದನ್ನೇ ಇಡಬೇಕೆಂದರೆ 3.2 ಇಡುತ್ತೇನೆ. 997ಕ್ಕೆ ಈಗಾಗಲೇ ಇಬ್ಬರು ಕೇಳಿದ್ದಾರೆ, ಕೊಟ್ಟ ದುಡ್ಡಿಗಿಂತ ಮೇಲೆ. ಸದ್ಯಕ್ಕೆ ಕೊಡುವುದಿಲ್ಲ.