ಊರೆಲ್ಲಾ ಬೇಡ ಅಂದ್ರೂ ರಾಜಮುಡಿನೇ ಹಾಕ್ದೆ: ನನ್ನ ಅನುಭವ

ಹೊಳೆನರಸೀಪುರದ ಕಡೆ ಹೇಮಾವತಿ ನಾಲೆ ಗದ್ದೆ ನಮ್ದು, ಒಂದೂವರೆ ಎಕರೆ. ಸುತ್ತ ಎಲ್ರೂ ಗಿಡ್ಡ ತಳಿ, ಹೈಬ್ರಿಡ್ ಅಂತ ಹೋದಾಗ ನಾನು ತಾತ ಬೆಳೀತಿದ್ದ, ಕೆಂಪು ಬಣ್ಣದ ಅಕ್ಕಿ ಬರೋ ಹಳೇ ಭತ್ತದ ತಳಿ ರಾಜಮುಡಿ ಹಾಕ್ತೀನಿ ಅಂದೆ. ಗೊಬ್ಬರದಂಗಡಿಯವ್ರಿಂದ ಹಿಡಿದು ನಮ್ಮ ಚಿಕ್ಕಪ್ಪನವರೆಗೂ ಬೈದ್ರು, "ಐದು ತಿಂಗಳ ಬೆಳೆ, ಬಿದ್ದೋಗುತ್ತೆ ಕಣೋ, ಊರಿಗಿಲ್ಲದ್ದು ನಿಂಗ್ಯಾಕೆ" ಅಂತ.

ಮೊದಲನೇ ವರ್ಷ ಅವ್ರು ಹೇಳ್ದಂಗೇ ಆಯ್ತು. ತಳಿ ನನ್ನಿಷ್ಟದ್ದು ಹಾಕ್ದೆ, ಬೇಸಾಯ ಮಾತ್ರ ಪಕ್ಕದ ಗದ್ದೆ ನೋಡ್ಕೊಂಡು ಮಾಡ್ದೆ, ಅಲ್ಲೇ ಕೆಟ್ಟಿದ್ದು. ಎಕರೆಗೆ ಎರಡು ಮೂಟೆ ಯೂರಿಯಾ, ಒತ್ತೊತ್ತಾಗಿ ನಾಟಿ. ಪೈರು ಎದೆಮಟ್ಟ ಬಂತು, ತೆನೆ ಬಾಗೋ ಹೊತ್ತಿಗೆ ಎರಡು ದಿನ ಮಳೆ ಹಿಡ್ಕೊಂಡ್ತು, ಬೆಳಗ್ಗೆ ಹೋಗಿ ನೋಡಿದ್ರೆ ಚಾಪೆ ಹಾಸ್ದಂಗೆ ಮಲಗಿದೆ, ಅಡಿಗೆ ಸಿಕ್ಕಿದ ತೆನೆ ಆಗ್ಲೇ ಮೊಳಕೆ ಬಿಟ್ಟಿದೆ. ಕೊಯ್ಯೋ ಮೆಷಿನ್ನವನು ಬಿದ್ದ ಬೆಳೆ ಅಂತ ದುಪ್ಪಟ್ಟು ಟೈಮ್ ತಗೊಂಡ. ಸಿಕ್ಕಿದ್ದು 12-13 ಕ್ವಿಂಟಾಲ್, ಸುಮಾರು 25 ಸಾವಿರ ಕೈಬಿಟ್ಟೋಯ್ತು. ಸಾಲದ್ದಕ್ಕೆ ಮಿಲ್ಲಲ್ಲಿ ಫುಲ್ ಪಾಲಿಶ್ ಹೊಡೆದು ಕೆಂಪೆಲ್ಲಾ ತೆಗೆದುಬಿಟ್ರು, ತಗೊಳ್ಳೋಕೆ ಬಂದವ್ರು ಅಕ್ಕಿ ಕೈಗೆ ಹಾಕ್ಕೊಂಡು ನೋಡಿ "ಇದು ರಾಜಮುಡಿನೇ ಅಲ್ಲ" ಅಂದ್ಬಿಟ್ರು. ಆ ಮಾತು ದುಡ್ಡಿಗಿಂತ ಜಾಸ್ತಿ ಉರೀತು.

ಮಾರನೇ ವರ್ಷ ಯಾರ ಮಾತೂ ಕೇಳ್ಲಿಲ್ಲ. ಯೂರಿಯಾ ಪೂರ್ತಿ ನಿಲ್ಲಿಸ್ದೆ, ನಾಟಿಗೆ ಮುಂಚೆ ಹೊಂಗೆ ಸೊಪ್ಪು ತುಳಿಸ್ದೆ, ಒಂದೊಂದೇ ಪೈರು ಒಂದಡಿ ಅಂತರದಲ್ಲಿ. ಬಿತ್ತನೆ ಆರು ಕೆಜಿ ಸಾಕಾಯ್ತು. ನಾಟಿ ಆಳುಗಳೇ "ಗದ್ದೆ ಖಾಲಿ ಬಿಟ್ಟಿದೀರ ಅಣ್ಣ" ಅಂತ ನಕ್ರು. ತಿಂಗಳು ಕಳೆದ್ಮೇಲೆ ಒಂದು ಬುಡ ಹಿಡಿದು ಎಣಿಸಿದ್ರೆ 30ರ ಮೇಲೆ ತೆಂಡೆ (ಬುಡದಿಂದ ಒಡೆಯೋ ಕವಲು) ಇತ್ತು, ಕಾಂಡ ಬೆರಳಲ್ಲಿ ಒತ್ತಿದ್ರೂ ಬಗ್ಗಲ್ಲ. ನೀರು ಕಟ್ಟೋದು, ಒಣಗಿಸೋದು ನನ್ನದೇ ಲೆಕ್ಕ, ಯಾವ ದಿನ ಅನ್ನೋದು ನನ್ನ ಹತ್ರಾನೇ ಇರ್ಲಿ.

ಮಧ್ಯೆ ಐದು ಗುಂಟೆಯಲ್ಲಿ ಪೈರಿನ ಗರಿ ಸವರಿ ಹಸುಗೆ ಹಾಕಿ ನೋಡ್ದೆ, ಹಳಬರು ಮಾಡ್ತಿದ್ರಲ್ಲ. ಅಲ್ಲಿ ಪೈರು ಗಿಡ್ಡ ನಿಂತ್ತು, ಆದ್ರೆ ತೆನೆ ಒಂದು ವಾರ ಲೇಟು. ಮೂರು ಗುಂಟೆ ರತ್ನಚೂಡಿ ಅನ್ನೋ ಇನ್ನೊಂದು ಹಳೇ ಭತ್ತಾನೂ ಹಾಕಿದ್ದೆ, ಅದನ್ನ ಹಕ್ಕಿನೇ ತಿಂದ್ವು.

ಈಗ ನಾಲ್ಕನೇ ಬೆಳೆ. ಎಕರೆಗೆ 16-17 ಕ್ವಿಂಟಾಲ್ ಭತ್ತ, ಪಕ್ಕದವ್ರಿಗೆ 25 ಬರುತ್ತೆ ನಿಜ. ಆದ್ರೆ ಅವ್ರ ಔಷಧಿ ಗೊಬ್ಬರದ ಚೀಟಿ ನಂಗಿಲ್ಲ, ನಾನು ಭತ್ತ ಮಾರೋದೂ ಇಲ್ಲ. ಭತ್ತ ಅಕ್ಕಿ ಮಾಡೋ ಸಣ್ಣ ಹಲ್ಲರ್ ಮೆಷಿನ್‌ನಲ್ಲಿ ಎದುರಿಗೇ ನಿಂತು, ಕೆಂಪು ಹೋಗ್ದಂಗೆ ಒಂದೇ ಸಲ ಹಾಕಿಸಿ ಅಕ್ಕಿ ಕೆಜಿ 75 ರೂಪಾಯಿ ಹಾಗೆ ಕೊಡ್ತೀನಿ, ಯುಗಾದಿ ಹೊತ್ತಿಗೆ ಖಾಲಿ. ಹೋದ ತಿಂಗಳು ಚಿಕ್ಕಪ್ಪ ಬಂದು ಬಿತ್ತನೆಗೆ ಎಂಟು ಕೆಜಿ ಎತ್ತಿಡು ಅಂದ್ರು. ತೆನೆ ಆರಿಸಿ ಕೈಯಲ್ಲೇ ಬಡಿದಿಟ್ಟಿದ್ದರಲ್ಲಿ ಕೊಟ್ಟೆ, ಯೂರಿಯಾ ಮೂಟೆ ಗದ್ದೆ ಹತ್ರ ತರಲ್ಲ ಅಂತ ಮಾತು ತಗೊಂಡೇ ಕೊಟ್ಟೆ.