ರಾಯಚೂರು ಬಿಸಿಲಿನಲ್ಲಿ ಕರೇ ಹಪ್ಪಳ

ಹೋದ ಭಾನುವಾರ ನಮ್ಮ ಮನೆಯಲ್ಲಿ ಐದು ಜನ ಗೆಳೆಯರೊಂದಿಗೆ ಕೂತು ಗಾಯಕ ಮಲ್ಲಿಕಾರ್ಜುನ ಮನ್ಸೂರರ ಒಂದು ಹಳೇ ಗ್ರಾಮಫೋನ್ ತಟ್ಟೆ, ಅಂದರೆ ಎಲ್‌ಪಿ ಕೇಳಿದೆವು. ಎರಡೂ ಬದಿ, ಪೂರ್ತಿ. ತಂಬೂರಿಯ ಸ್ವರ ಎಲ್ಲೂ ಅಲ್ಲಾಡಲಿಲ್ಲ. ಎರಡು ವರ್ಷದ ಹಿಂದೆ ಇದೇ ಐವರು, ಬಿಸಿಲಿಗೆ ಬಾಗಿ ಸೊಟ್ಟಗಿದ್ದ ಇದೇ ತಟ್ಟೆ ನೋಡಿ, "ಮೊಳೆ ಹೊಡೆದು ಗೋಡೆಗೆ ನೇತು ಹಾಕು, ಚಂದ ಕಾಣ್ತದ" ಅಂದಿದ್ದರು. ಅದನ್ನು ಬಿಸಿಲಿನಲ್ಲೇ ನೆಟ್ಟಗೆ ಮಾಡಿದ್ದು ಹೇಗೆ ಅಂತ ಹೇಳೋಕೇ ಈ ಬರಹ. ಹೊಟ್ಟೆಕಿಚ್ಚು ಪಡುವವರು ಪಡಲಿ.

ತಟ್ಟೆ ಸಿಕ್ಕಿದ್ದು ಸಿಂಧನೂರು ಕಡೆಯ ಒಬ್ಬ ಹಳೇ ಮೈಕ್ ಸೆಟ್‌ನವರ ಹತ್ತಿರ. ಒಂದು ಕಾಲಕ್ಕೆ ಸುತ್ತಲಿನ ಮದುವೆ, ಉರುಸು, ಜಾತ್ರೆ ಎಲ್ಲಕ್ಕೂ ಅವರದೇ ಅಹುಜಾ ಆಂಪ್ಲಿಫೈಯರ್, ಅವರದೇ ಹಾರ್ನು. ಕ್ಯಾಸೆಟ್ ಬಂದ ಮೇಲೆ ರೆಕಾರ್ಡುಗಳನ್ನೆಲ್ಲ ಎರಡು ಟ್ರಂಕಿಗೆ ತುಂಬಿ, ತಗಡಿನ ಶೆಡ್ಡಿನಲ್ಲಿಟ್ಟು ಮರೆತುಬಿಟ್ಟಿದ್ದಾರೆ. ಸಿಂಧನೂರಿನ ಏಪ್ರಿಲ್, ಮೇಲೆ ತಗಡು, ಟ್ರಂಕಿನೊಳಗೆ ಅಡ್ಡಾದಿಡ್ಡಿ ಒರಗಿದ ರೆಕಾರ್ಡು. ಬಿಸಿಗೆ ಬಾಗದೇ ಇರ್ತಾವಾ? 5,000 ಕೇಳಿದರು. ಚಹಾ ಕುಡಿದು, ಎದ್ದು ಹೊರಟಂಗೆ ಮಾಡಿ, 3,500ಕ್ಕೆ ತಂದೆ. ಸುಮಾರು 140 ಇದ್ದವು. 60ರ ಹತ್ತಿರ ಎಲ್‌ಪಿ, ಹತ್ತೋ ಹನ್ನೊಂದೋ ನಿಮಿಷಕ್ಕೆ 78 ಸುತ್ತು ಸುತ್ತುವ, ಅಂದರೆ 78 ಆರ್‌ಪಿಎಂನ ಅರಗಿನ ತಟ್ಟೆ, ಉಳಿದವೆಲ್ಲ ಇಪಿ, ಅಂದರೆ ಕೆಲವೇ ಹಾಡಿನ ಚಿಕ್ಕ ತಟ್ಟೆ. ಬಸ್ಸಿನಲ್ಲಿ ಟ್ರಂಕು ಏರಿಸೋಕೆ ಕಂಡಕ್ಟರ್ ಲಗೇಜು ಅಂತ ಬೇರೆ ದುಡ್ಡು ತಗೊಂಡ.

ಮನೆಗೆ ಬಂದು ವಿಂಗಡಿಸಿದೆ. ರೆಕಾರ್ಡು ಕಂಪನಿ ಎಚ್‌ಎಂವಿಯವರ ಲೇಬಲ್ ಮೇಲೆ ಇಎಎಸ್‌ಡಿ ಅಂತಿದ್ದರೆ ಸ್ಟೀರಿಯೋ, ಇಸಿಎಲ್‌ಪಿ ಅಂದರೆ ಮೋನೋ. ರೆಕಾರ್ಡು ಕೂಡಿಡೋರಿಗೆ ಇದು ಹೊಸದಲ್ಲ. ಹೊಸದು ಅಂದರೆ ನನ್ನ ಇನ್ನೊಂದು ವಿಂಗಡಣೆ. ಗಾಜಿನ ಮೇಲೆ ತಟ್ಟೆ ಇಟ್ಟು, ಅಂಚು ಎದ್ದ ಕಡೆ ರೂಪಾಯಿ ನಾಣ್ಯ ತೂರಿಸಿ ನೋಡೋದು. ಎರಡು ನಾಣ್ಯದ ತನಕ ಸೂಜಿ ಹೇಗೋ ಹತ್ತಿ ಇಳಿಯುತ್ತೆ. ಮೂರಾದರೆ ಕಷ್ಟ. ಮನ್ಸೂರರ ಎಲ್‌ಪಿ ಅಡಿಯಲ್ಲಿ ಐದು ನಾಣ್ಯ ಸಲೀಸಾಗಿ ಹೋದವು. ಹೀಗೆ ಬಾಗಿದ್ದು ಒಟ್ಟು 38 ಅಂತ ನೆನಪು.

ಬಾಗಿದ ತಟ್ಟೆ ಬರೀ ಸೂಜಿ ಹಾರಿಸೋದಾದರೆ ಸಹಿಸಬಹುದಿತ್ತು. ಸ್ವರವನ್ನೇ ಅಲ್ಲಾಡಿಸುತ್ತೆ. ನಿಮಿಷಕ್ಕೆ ಮೂವತ್ಮೂರೂ ಕಾಲು ಚಿಲ್ಲರೆ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಅಷ್ಟಕ್ಕೊಮ್ಮೆ ಷಡ್ಜ ಮೇಲೆದ್ದು ಕೆಳಗಿಳಿಯುತ್ತೆ. ಸಿನಿಮಾ ಹಾಡಿನಲ್ಲಿ ತಬಲಾ, ಪಿಟೀಲು, ಕೊಳಲಿನ ನಡುವೆ ಗೊತ್ತಾಗಲ್ಲ. ತಂಬೂರಿ ಮಾತ್ರ ಸುಳ್ಳು ಹೇಳಲ್ಲ. ಆಡಿನ ಮರಿ ಕೂಗಿದ ಹಾಗೆ ಕೇಳುತ್ತೆ.

ಮೊದಲು ಎಲ್ಲರ ಹಾಗೆ ಭಾರ ಹೇರಿದೆ. ಎರಡು ಪ್ಲೈವುಡ್ ನಡುವೆ ತಟ್ಟೆ, ಮೇಲೆ 25 ಕೆಜಿ ಸೋನಾ ಮಸೂರಿ ಚೀಲ. ಎರಡು ತಿಂಗಳು ಬಿಟ್ಟೆ. ನಮ್ಮನೆಯವರು ನಡುನಡುವೆ ಚೀಲ ಬಿಚ್ಚಿ ಅಕ್ಕಿ ತೆಗೆದುಕೊಳ್ಳುತ್ತಿದ್ದರು ಅನ್ನೋದು ಬೇರೆ ಮಾತು. ತೆಗೆದಾಗ ನೆಟ್ಟಗೆ ಕಂಡಿತು, ನಾಲ್ಕು ದಿನದಲ್ಲಿ ಮತ್ತೆ ಐದು ನಾಣ್ಯ. ಆಮೇಲೆ ಮಗಳ ಹೇರ್ ಡ್ರೈಯರ್. ಅದು ಒಂದೇ ಜಾಗವನ್ನು ಕಾಯಿಸಿತು. ಅಲ್ಲಿ ಉಬ್ಬು ಇಳಿಯಿತು, ಪಕ್ಕದಲ್ಲಿ ಹೊಸ ಉಬ್ಬು ಎದ್ದಿತು. ಒಂದು ಇಪಿ ಹೋಯಿತು.

ಕಾರಿನ ಹಿಂದಿನ ಸೀಟಿನಲ್ಲಿ ಮರೆತ ರೆಕಾರ್ಡು ಸಂಜೆಗೆ ಬಟ್ಟಲಾಗಿರುತ್ತೆ, ಅಲ್ವಾ? ಬಾಗಿಸೋ ಬಿಸಿಲು ನೆಟ್ಟಗೆ ಯಾಕೆ ಮಾಡಬಾರದು ಅಂತ ನನಗೆ ಅನಿಸಿದ್ದು ಆಗ. ಒಲೆಯಲ್ಲಿ ಇಡೋರು ಬೇರೆ ಊರುಗಳಲ್ಲಿ ಇದ್ದಾರೆ. ಅದಕ್ಕೆಂದೇ ಯಂತ್ರವೂ ಬರುತ್ತೆ, ಒಳ್ಳೆಯದು ಬೇಕಂದರೆ ಲಕ್ಷ ದಾಟುತ್ತೆ. ನಮ್ಮ ಮಾಳಿಗೆ ಮೇಲೆ ಮಾರ್ಚಿನಿಂದ ಜೂನ್ ತನಕ ಪುಕ್ಕಟೆ ಒಲೆ ಉರೀತಿರುತ್ತೆ. ಗೆಳೆಯರಿಗೆ ಹೇಳಿದೆ. ನಕ್ಕರು. ಅವರಲ್ಲಿ ಒಬ್ಬ, ಬ್ಯಾಂಕಿನಿಂದ ರಿಟೈರ್ ಆದವ, "ಬಿಸಿಲಿಗೆ ಕೆಟ್ಟದ್ದನ್ನ ಬಿಸಿಲಿಗೇ ಇಡ್ತೀಯೇನೋ, ಹುಚ್ಚ" ಅಂದ. ಅವನ ಮಾತು ಕೊನೆಗೆ ಮತ್ತೆ ಬರುತ್ತೆ.

ಮೊದಲ ಸಲ ಶಹಾಬಾದ್ ಕಲ್ಲಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ತಟ್ಟೆ, ಅದರ ಮೇಲೆ ಇನ್ನೊಂದು ಕಲ್ಲು. ಪಕ್ಕದಲ್ಲೇ ನಮ್ಮ ಅತ್ತೆ ಹಾಕಿದ ಶಾವಿಗೆ, ಸಂಡಿಗೆ. ಆಚೆ ಮನೆಯ ಅಜ್ಜಿ ಗೋಡೆ ಮೇಲಿಂದ ಇಣುಕಿ, "ಏನ್ರೀ ಇದು, ಕರೇ ಹಪ್ಪಳ ಒಣಗಿಸಾಕತ್ತೀರಿ?" ಅಂದರು. ಆ ಹೆಸರು ಇವತ್ತಿಗೂ ಹೋಗಿಲ್ಲ. ಮಧ್ಯಾಹ್ನ ಎರಡಕ್ಕೆ ಇಟ್ಟು, ಊಟ ಮಾಡಿ, ಕಣ್ಣು ಮುಚ್ಚಿದೆ. ಎದ್ದಾಗ ಐದು. ತಟ್ಟೆ ನೆಟ್ಟಗಾಗಿತ್ತು, ಸುಳ್ಳಲ್ಲ. ಆದರೆ ಟವೆಲ್ಲಿನ ನೇಯ್ಗೆ ಗೆರೆಗೆರೆಯಾಗಿ ರೆಕಾರ್ಡಿನ ಮೇಲೆ ಅಚ್ಚಾಗಿತ್ತು. ಹಾಕಿ ಕೇಳಿದರೆ ಹಾಡಿನ ಹಿಂದೆ ಯಾರೋ ಜೋಳ ಹುರಿದ ಹಾಗೆ. ನಡುವಿನ ತೂತೂ ಮೊಟ್ಟೆಯಂತೆ ಉದ್ದವಾಗಿತ್ತು.

ಅಲ್ಲಿಂದ ಎರಡು ಪಾಠ ಕಲಿತೆ. ಬಟ್ಟೆ ಬೇಡವೇ ಬೇಡ, ನುಣ್ಣಗಿನದೇ ಬೇಕು. ಮತ್ತೆ, ಅಂದಾಜಿಗೆ ಇಡಬಾರದು, ಅಳೆಯಬೇಕು. ಎಸಿ ರಿಪೇರಿಯವರು ಇಟ್ಟುಕೊಳ್ಳೋ ವೈರ್ ಇರುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತಂದೆ, 200 ರೂಪಾಯಿ ಒಳಗೆ. ಕೊರೊನಾ ಕಾಲದ ಹಣೆಗೆ ಹಿಡಿಯೋ ಗನ್ ಮನೆಯಲ್ಲಿತ್ತು, ಅದು ಕಲ್ಲಿನ ಮುಂದೆ ಬರೀ 'ಹೈ' ಅಂತ ಕೂಗುತ್ತೆ.

ಕಲ್ಲಿನ ಕಥೆ ಸ್ವಲ್ಪ ಹೇಳಬೇಕು. ಕಡಪಾ ಕಲ್ಲು ಕಪ್ಪಗಿದೆ, ಬಿಸಿ ಚೆನ್ನಾಗಿ ಹೀರುತ್ತೆ ಅಂತ ತಂದೆ. ಮೂರನೇ ವಾರಕ್ಕೆ ಅಂಚಿನಲ್ಲಿ ಪದರ ಬಿಟ್ಟಿತು. ಆಮೇಲೆ ಹೊಳೆದದ್ದು ಗ್ರಾನೈಟ್. ಅಡುಗೆ ಮನೆ ಕಟ್ಟೆಗೆ ಸಿಂಕ್ ಕೂರಿಸೋಕೆ ಗ್ರಾನೈಟ್ ಕೊರೀತಾರಲ್ಲ, ಆ ಕೊರೆದ ನಡುವಿನ ತುಂಡು ಅಂಗಡಿ ಹಿಂದೆ ಬಿದ್ದಿರುತ್ತೆ. ಹದಿನಾರು ಇಂಚಿಗೆ ಇಪ್ಪತ್ತು ಇಂಚು ಅಂತಿಟ್ಟುಕೊಳ್ಳಿ. ಹನ್ನೆರಡು ಇಂಚಿನ ಎಲ್‌ಪಿಗೆ ಹೇಳಿ ಮಾಡಿಸಿದ ಹಾಗೆ. ಕನ್ನಡಿಯಂಥ ಪಾಲಿಶ್ ಬೇರೆ. 100 ರೂಪಾಯಿ ಕೊಟ್ಟೆ, ಆಟೋಗೆ 60. ಕರೀದೇ ಆರಿಸಿಕೊಳ್ಳಿ. ಮೇಲೆ 10 ಎಂಎಂ ಗಾಜು, ಅಂಚು ಉಜ್ಜಿಸಿದ್ದು, ಒಂದಕ್ಕೆ 350ರ ಸುತ್ತ. ಗಾಜಿನ ಭಾರವೇ ಸಾಕು, ಅದರ ಮೇಲೆ ಏನೂ ಹೇರಬೇಡಿ.

ಗೆಳೆಯರ ದೊಡ್ಡ ಅನುಮಾನ ಇದ್ದದ್ದು ಇಲ್ಲೇ. ಗಾಜು ಒತ್ತಿದರೆ ಸೂಜಿ ಓಡೋ ಗೀರು ಸಾಯಲ್ಲವಾ ಅಂತ. ಬಹುತೇಕ ಎಲ್‌ಪಿಗಳನ್ನು ಅಡ್ಡ ಹಿಡಿದು ನೋಡಿ. ಹೊರ ಅಂಚು ಮತ್ತು ಲೇಬಲ್ ಜಾಗ ಸ್ವಲ್ಪ ದಪ್ಪ, ಹಾಡಿರೋ ಜಾಗ ತುಸು ತಗ್ಗು. ಒಂದರ ಮೇಲೊಂದು ಇಟ್ಟರೆ ಗೀರಿಗೆ ಗೀರು ತಾಗದಿರಲಿ ಅಂತ ಹಾಗೆ ಅಚ್ಚು ಮಾಡಿದ್ದು. ಗಾಜೂ ಅದೇ ಎರಡು ಕಡೆ ಮಾತ್ರ ಕೂರುತ್ತೆ. ಇಪಿಗಳಲ್ಲಿ ಈ ಏಣು ಎಲ್ಲದಕ್ಕೂ ಇರಲ್ಲ. ಅದಕ್ಕೆ ನಾನು ಲೇಬಲ್ ಮೇಲೊಂದು, ಅಂಚಿನ ಸುತ್ತ ಒಂದು ವಸ್ತು ಇಡುತ್ತೇನೆ. ಅದೇನು ಅಂತ ಮಾತ್ರ ಕೇಳಬೇಡಿ. ಅದನ್ನು ಹುಡುಕೋಕೆ ಮೂರು ಇಪಿ ಬಲಿ ಕೊಟ್ಟಿದ್ದೇನೆ.

ಈಗ ನಾನು ಮಾಡೋದು ಹೀಗೆ. ಬೆಳಿಗ್ಗೆ ಏಳೂವರೆಗೆ ಕಲ್ಲು ತಣ್ಣಗಿರುವಾಗಲೇ ತಟ್ಟೆ, ಗಾಜು ಕೂರಿಸುತ್ತೇನೆ. ಕಾದ ಕಲ್ಲಿನ ಮೇಲೆ ತಣ್ಣನೆ ತಟ್ಟೆ ಇಟ್ಟರೆ ಕಣ್ಣೆದುರೇ ಸೊಟ್ಟಗಾಗುತ್ತೆ. ವೈರಿನ ತುದಿ ಕಲ್ಲು ಗಾಜುಗಳ ನಡುವೆ, ತಟ್ಟೆಯ ಅಂಚಿಗೆ. ಏಪ್ರಿಲ್‌ನಲ್ಲಿ ಹತ್ತೂವರೆ ಹೊತ್ತಿಗೆ 50 ಡಿಗ್ರಿ ದಾಟುತ್ತೆ. 55ರಿಂದ 58ರ ನಡುವೆ ಅರ್ಧ ಗಂಟೆ ಸಾಕು. 60 ಅಂದರೆ ನನಗೆ ಎದೆ ಬಡಿತ. ಅಲ್ಲಿಗೆ ಬರೋ ಮೊದಲೇ ಹಳೇ ಕೊಡೆ ಬಿಚ್ಚಿ ನೆರಳು ಮಾಡುತ್ತೇನೆ. ಗಾಜು ಎತ್ತೋದು ಮಾತ್ರ ಮರುದಿನ ಬೆಳಿಗ್ಗೆ. ಗ್ರಾನೈಟ್ ನಿಧಾನಕ್ಕೆ ಆರೋದೇ ಇದರಲ್ಲಿ ಅರ್ಧ ಕೆಲಸ. ಬರೀ ಎರಡು ಗಾಜಿನ ನಡುವೆ ಮಾಡಿದವು ಬೇಗ ಆರಿ ಮತ್ತೆ ತುಸು ಎದ್ದವು, ಕಲ್ಲಿನ ಮೇಲೆ ಮಾಡಿದವು ಏಳಲಿಲ್ಲ. ಧೂಳನ್ನು ಮೊದಲೇ ತೆಗೆದಿರಬೇಕು ಅಂತ ಬೇರೆ ಹೇಳಬೇಕಾ? ಒಂದು ಮರಳಿನ ಕಣ ಸಾಕು, ಒತ್ತಿ ಕೂತುಬಿಡುತ್ತೆ.

ಒಮ್ಮೆ ಏಪ್ರಿಲ್ ಕೊನೆಗೆ ಕೊಡೆ ಬಿಚ್ಚಿ ಕೆಳಗೆ ಬಂದೆ. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಗಾಳಿ, ಕೊಡೆ ಹಾರಿತು, ಹಿಂದೆಯೇ ನಾಲ್ಕು ದಪ್ಪ ಹನಿ. ಕಾದ ಗಾಜು ಟಪ್ ಅಂತ ಸೀಳಿತು. ಸಂಡಿಗೆ ಎತ್ತೋಕೆ ಓಡಿದ ಅತ್ತೆ ನನ್ನ ಕಡೆ ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

38ರಲ್ಲಿ 31 ನೆಟ್ಟಗಾದವು, ಐದು ಹಾಳಾದವು, ಎರಡು ಅರ್ಧಂಬರ್ಧ. ಅಂಚು ಅಲೆಯಂತೆ ಎದ್ದದ್ದು ಬೇಗ ಬಗ್ಗುತ್ತೆ. ಪೂರ್ತಿ ಬಟ್ಟಲಿನಂತೆ ಆದದ್ದು ಮೂರು ನಾಲ್ಕು ಸಲ ಇಡಬೇಕು, ಆಗಲೂ ನಂಬಿಕೆ ಇಲ್ಲ. ಖರ್ಚು ಅಂದರೆ ಗಾಜು, ಒಡೆದ ಗಾಜು, ಕಲ್ಲು, ಥರ್ಮಾಮೀಟರ್ ಎಲ್ಲ ಸೇರಿ 1,500ರ ಒಳಗೆ.

ನಡುವೆ ಬೇರೆ ಹುಚ್ಚಾಟವೂ ನಡೆಯಿತು. ತೊಳೆಯೋಕೆ ಮೊದಲು ಬೋರಿನ ನೀರು ಬಳಸಿದೆ. ಒಣಗಿದ ಮೇಲೆ ಬಿಳಿ ಸುಣ್ಣ. ನಮ್ಮ ಕಡೆ ಬೋರಿನ ನೀರಿಗೆ ಗೀಸರ್ ಕಾಯಿಲ್ ಉಳಿಯಲ್ಲ, ರೆಕಾರ್ಡು ಉಳಿಯುತ್ತಾ? ಈಗ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಜಿಡ್ಡು ಹೋಗದ್ದಕ್ಕೆ ಫೆವಿಕಾಲ್ ಸವರಿ, ಒಣಗಿಸಿ, ಸುಲಿಯೋದು. ಬೇರೆ ಊರಿನವರು ರಾತ್ರಿಯಿಡೀ ಬಿಡ್ತಾರಂತೆ, ನಮ್ಮಲ್ಲಿ ನೆರಳಿನಲ್ಲೇ ಮೂರು ಗಂಟೆಗೆ ಸಿದ್ಧ. ತೆಳ್ಳಗೆ ಸವರಿ ಕಂಜೂಸಿತನ ಮಾಡಿದರೆ ಚೂರು ಚೂರಾಗಿ ಕಿತ್ತು ಬರುತ್ತೆ. ಒಂದು ಬದಿಗೆ 50 ಗ್ರಾಂ ಹಾಕಿ, ನೀರು ದೋಸೆ ಎದ್ದ ಹಾಗೆ ಇಡಿಯಾಗಿ ಏಳುತ್ತೆ. ಸುಲಿದ ಮೇಲೆ ತಟ್ಟೆ ಕರೆಂಟ್ ಹಿಡಿದಂತೆ ಧೂಳು ಎಳೀತದೆ, ಒದ್ದೆ ಬಟ್ಟೆಯ ಮೇಲೆ ಕೈಯಿಟ್ಟು ಆಮೇಲೆ ಮುಟ್ಟಿ.

ಇದೆಲ್ಲ ಪಿವಿಸಿ ಪ್ಲಾಸ್ಟಿಕ್ಕಿನ ತಟ್ಟೆಗೆ. 78ಕ್ಕೆ ಅಲ್ಲ. ಅದು ಅರಗು. ಬಡಗಿಗಳು ಪಾಲಿಶ್ ಮಾಡೋಕೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸೋದನ್ನ ಕಣ್ಣಾರೆ ನೋಡಿ ಬೆಳೆದವನು ನಾನು. ಆದರೂ ಒಂದು ನಾಟಕದ ಹಾಡಿನ 78ನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಂತು ಅಂತ ಖುಷಿಪಟ್ಟು ಇನ್ನೂ ಒರೆಸಿದೆ. ಬಂದದ್ದು ಕೊಳೆ ಅಲ್ಲ, ಹಾಡು.

ಈಗ ಮನೆಯಲ್ಲಿ ಓಡ್ತಿರೋದು ಹೇಳುತ್ತೇನೆ. ಬೆಳಿಗ್ಗೆ ಭೀಮಸೇನ ಜೋಶಿಯವರ ದಾಸರ ಪದ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ನಮ್ಮ ಜಿಲ್ಲೆಯವೇ, ಹಾಗಾಗಿ ಅತ್ತೆಯ ಕೋಪವೂ ಆ ಹೊತ್ತಿಗೆ ಇಳಿದಿರುತ್ತೆ. ಮಧ್ಯಾಹ್ನ ಗಂಗೂಬಾಯಿ ಹಾನಗಲ್. ಆ ದನಿ ಕೇಳೋಕೆ ನನ್ನ ಆಡಿಯೋ ಟೆಕ್ನಿಕಾ ಪ್ಲೇಯರಿಗಿಂತ ಹಳೇ ಎಚ್‌ಎಂವಿ ಫಿಯೆಸ್ಟಾ ಚೆಂದ ಅಂತ ನನ್ನ ವಾದ. ಅದರ ಭಾರದ ಸೂಜಿ ಗೀರು ತಿನ್ನುತ್ತೆ ಅಂತ ಬೈಯೋರು ಬೈಯಲಿ, ತಿಂಗಳಿಗೊಮ್ಮೆ ಹಾಕುತ್ತೇನೆ. ರಾತ್ರಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಇಪಿಗಳು. ಮೈಕ್ ಸೆಟ್‌ನವರು ಅದೆಷ್ಟು ಮದುವೆಯಲ್ಲಿ ಹಾಕಿದ್ದರೋ, ಹೆಚ್ಚು ಓಡಿದ ಹಾಡಿನ ಗೀರು ಬೂದು ಬಣ್ಣಕ್ಕೆ ತಿರುಗಿದೆ. ಯಾವ ಹಾಡು ಊರಿಗೆ ಇಷ್ಟ ಅಂತ ಸೂಜಿ ಇಡದೇ ಹೇಳಬಹುದು.

ಮೇ ಕೊನೆಗೆ ಬ್ಯಾಂಕಿನ ಗೆಳೆಯ ಒಂದು ಬಟ್ಟೆ ಚೀಲ ತಂದು ಸುಮ್ನೆ ಮೂಲೆಯಲ್ಲಿಟ್ಟ. ಒಳಗೆ ನಾಲ್ಕು ಎಲ್‌ಪಿ, ಎಲ್ಲ ಬಟ್ಟಲು. "ಮನ್ಯಾಗ ಜಾಗ ಇಲ್ಲ, ಇಲ್ಲಿರ್ಲಿ" ಅಂದ. ಎರಡನ್ನು ಮಾಡಿ ಮುಗಿಸಿದೆ. ಅಷ್ಟರಲ್ಲಿ ಮಳೆ ಹಿಡಿಯಿತು, ಮಾಳಿಗೆ ಮೇಲೆ 40 ಕೂಡ ಮುಟ್ಟುತ್ತಿಲ್ಲ. ಉಳಿದೆರಡಕ್ಕೆ ಮಾರ್ಚ್ ತನಕ ಕಾಯಬೇಕು ಅಂತ ಹೇಳಿದ್ದೇನೆ. ದಿನಾ ಫೋನ್ ಮಾಡಿ ಬಿಸಿಲು ಹೇಗಿದೆ ಅಂತ ಕೇಳುತ್ತಾನೆ.