ಸೋಡಚೀಟಿ ಸಾಕಾಗಲ್ಲ: ಬೇರೆಯಾಗುವ ಮೊದಲು ಮಾಡಬೇಕಾದ ಕಾಗದದ ಕೆಲಸ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಗಂಡ ಹೆಂಡತಿಯ ಜಗಳ ಕೋರ್ಟಿಗಿಂತ ಮೊದಲು ಹಿರಿಯರ ಮುಂದೆ ಬರುತ್ತದೆ. ಎರಡೂ ಮನೆಯವರು ಕೂತು ಮಾತಾಡುತ್ತಾರೆ. ಹೊಂದಾಣಿಕೆ ಆಗದಿದ್ದರೆ ಬಾಂಡ್ ಪೇಪರ್ ತರಿಸುತ್ತಾರೆ. 'ಇಬ್ಬರೂ ರಾಜಿಖುಷಿಯಿಂದ ಬೇರೆಯಾಗಿದ್ದೇವೆ, ಮುಂದೆ ಒಬ್ಬರ ಮೇಲೊಬ್ಬರಿಗೆ ಹಕ್ಕಿಲ್ಲ' ಎಂದು ಬರೆಸಿ, ಪಂಚರ ಸಹಿ ಹಾಕಿಸಿ, ಇಷ್ಟು ರೊಕ್ಕ ಎಂದು ಎಣಿಸಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಈ ಕಾಗದಕ್ಕೇ ಸೋಡಚೀಟಿ ಎನ್ನುವುದು.

ಹಿರಿಯರ ಮಾತುಕತೆ ಬೇಡ ಎನ್ನುವವನಲ್ಲ ನಾನು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವ ವಿಷಯ ಅಲ್ಲಿ ಒಂದೇ ಮಧ್ಯಾಹ್ನದಲ್ಲಿ ಬಗೆಹರಿದದ್ದೂ ಉಂಟು. ಆದರೆ ಆ ಕಾಗದವನ್ನೇ ವಿಚ್ಛೇದನ ಎಂದು ನಂಬಿ ಕೂತರೆ ಮುಂದೆ ಇಬ್ಬರಿಗೂ ಕಷ್ಟ. ಅಲ್ಲಿ ಆದ ಮಾತನ್ನು ಕೋರ್ಟಿನ ಆದೇಶವಾಗಿ ಮಾಡಿಸಿಕೊಳ್ಳುವುದು ಹೇಗೆ? ಒಂದೊಂದಾಗಿ ನೋಡೋಣ.

1. ಬಾಂಡ್ ಪೇಪರಿನ ಬೆಲೆ ಎಷ್ಟು

1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರಿಗೂ ಜೈನರಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಮದುವೆ ಮುರಿಯುವ ಅಧಿಕಾರ ಕೋರ್ಟಿಗೆ ಮಾತ್ರ. ಸಮುದಾಯದ ರೂಢಿಯ ಪ್ರಕಾರ ಬಿಡುಗಡೆ ಆಗಿದ್ದರೆ ಅದಕ್ಕೂ 29ನೇ ಕಲಮಿನಲ್ಲಿ ಜಾಗ ಇದೆ. ಆದರೆ ಅಂಥ ರೂಢಿ ತಲೆತಲಾಂತರದಿಂದ ನಡೆದುಬಂದಿದೆ ಎಂದು ಸಾಕ್ಷಿ ಸಮೇತ ತೋರಿಸಬೇಕು. ಅದು ಸುಲಭದ ಕೆಲಸವಲ್ಲ.

ಸೋಡಚೀಟಿ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆಯೇ ಊರ್ಜಿತವಲ್ಲ. ಮೇಲಿಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ ಜೈಲು ಶಿಕ್ಷೆಯ ಕೇಸು ಬೀಳಬಹುದು.

ಇನ್ನೊಂದು ಪೆಟ್ಟು ಹೆಣ್ಣುಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಜೀವನಾಂಶದ ಕಾನೂನಿನಲ್ಲಿ ಒಂದು ಸಾಲಿದೆ: ಗಂಡ ಹೆಂಡತಿ ಪರಸ್ಪರ ಒಪ್ಪಿಗೆಯಿಂದ ಬೇರೆ ಇದ್ದರೆ ಹೆಂಡತಿಗೆ ಜೀವನಾಂಶ ಇಲ್ಲ. ಕೋರ್ಟಿನಿಂದ ವಿಚ್ಛೇದನ ಪಡೆದ ಹೆಣ್ಣುಮಗಳಿಗೆ ಈ ಅಡ್ಡಿ ಇಲ್ಲ. ಬಾಂಡ್ ಪೇಪರ್ ಹಿಡಿದವಳು ಕಾನೂನಿನ ಕಣ್ಣಲ್ಲಿ ಇನ್ನೂ ಹೆಂಡತಿಯೇ. 'ರಾಜಿಖುಷಿಯಿಂದ ಬೇರೆಯಾಗಿದ್ದೇವೆ' ಎಂಬ ಅದೇ ಸಾಲನ್ನು ಗಂಡನ ಕಡೆಯ ವಕೀಲರು ಮುಂದಿಡುತ್ತಾರೆ. ಸಹಿ ಮಾಡುವ ಮೊದಲು ಒಬ್ಬ ವಕೀಲರಿಗೆ ಕಾಗದ ತೋರಿಸಿ. ಹೊರಗಿನಿಂದ ತಂದ ಬಾಂಡಿಗೆ ಅವಸರದಲ್ಲಿ ಹೆಬ್ಬೆಟ್ಟು ಒತ್ತಬೇಡಿ.

2. ಯಾವ ಕೋರ್ಟು

ಜಿಲ್ಲಾ ಕೇಂದ್ರದಲ್ಲಿ ಕೌಟುಂಬಿಕ ನ್ಯಾಯಾಲಯ ಇದ್ದರೆ ಅಲ್ಲಿ, ಅದರ ವ್ಯಾಪ್ತಿಗೆ ಬರದ ತಾಲೂಕುಗಳಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಮದುವೆ ಆದ ಊರು, ಕೊನೆಗೆ ಇಬ್ಬರೂ ಒಟ್ಟಿಗೆ ಇದ್ದ ಊರು, ಎದುರಿನವರು ಇರುವ ಊರು ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಹೆಂಡತಿಯೇ ಅರ್ಜಿ ಹಾಕುವುದಾದರೆ 2003ರ ತಿದ್ದುಪಡಿಯಿಂದ ಇನ್ನೊಂದು ಅನುಕೂಲ ಆಗಿದೆ. ಈಗ ತಾನಿರುವ ತವರೂರಿನ ಕೋರ್ಟಿನಲ್ಲೇ ಹಾಕಬಹುದು. ಪುಣೆಯಲ್ಲಿ ಸಂಸಾರ ಮಾಡಿದ್ದವಳು ಅಥಣಿಯ ತವರಿಗೆ ಬಂದಿದ್ದರೆ ಪುಣೆಗೆ ಓಡಾಡುವ ಗರಜು ಇಲ್ಲ.

ಮೇಲ್ಮನವಿಗೆ ಬೆಳಗಾವಿ, ಬಾಗಲಕೋಟೆಯವರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ವಿಜಯಪುರದವರದು ಕಲಬುರಗಿ ಪೀಠ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ. ಜಿಲ್ಲಾ ಪ್ರಾಧಿಕಾರದಲ್ಲಿ ಇಲ್ಲವೇ ತಾಲೂಕು ಸಮಿತಿಯಲ್ಲಿ ಕೇಳಿ. ಸಹಾಯವಾಣಿ 15100. ಹೊಡೆತ ಬಡಿತ ಇದ್ದರೆ ಮೊದಲು 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆಯ ಜೊತೆಗೆ ಅದೇ ಮನೆಯಲ್ಲಿ ಇರುವ ಹಕ್ಕನ್ನೂ ಕೇಳಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಕೇಳಲು ಬರುತ್ತದೆ.

3. ಕಾಗದ ಕೂಡಿಹಾಕಿ

ಇದು ಎಲ್ಲಕ್ಕಿಂತ ದೊಡ್ಡ ಕೆಲಸ. ಮದುವೆಯ ಕಾರ್ಡು, ಫೋಟೊ, ಆಧಾರ್, ಮಕ್ಕಳ ಜನನ ಪ್ರಮಾಣಪತ್ರ ಎಲ್ಲರೂ ಹೇಗೂ ತರುತ್ತಾರೆ. ಜನ ತರದೇ ಇರುವುದು ಆದಾಯದ ದಾಖಲೆ.

ನೌಕರಿ ಇದ್ದವರ ಸಂಬಳದ ಚೀಟಿ ಸಿಗುತ್ತದೆ. ಹೊಲ ಇದ್ದವರದು ಕಷ್ಟ. 'ಮಳೆ ಇಲ್ಲ, ಬೆಳೆ ಇಲ್ಲ, ಸಾಲ ಜಾಸ್ತಿ' ಎಂದು ಕೋರ್ಟಿನಲ್ಲಿ ಕೈ ಎತ್ತುವುದು ಹಳೆಯ ರೂಢಿ. ಇದಕ್ಕೆ ಮದ್ದು ಉತಾರದಲ್ಲೇ (ಪಹಣಿಯಲ್ಲೇ) ಇದೆ. ಗಂಡನ ಹೆಸರಿನ ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲೋ ನಾಡಕಚೇರಿಯಲ್ಲೋ ಉತಾರ ತೆಗೆಸಬಹುದು. ಅದರಲ್ಲಿ ಎಷ್ಟು ಎಕರೆ, ಯಾವ ಬೆಳೆ, ಯಾವ ಬ್ಯಾಂಕಿನ ಬೋಜಾ (ಆಸ್ತಿಯ ಮೇಲಿನ ಸಾಲದ ಹೊರೆ) ಎಲ್ಲ ಇರುತ್ತದೆ. ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬು ಇದ್ದರೆ ಫ್ಯಾಕ್ಟರಿಗೆ ಕಬ್ಬು ಕಳಿಸಿದ ತೂಕದ ಚೀಟಿ, ಬಿಲ್ಲು ಜಮಾ ಆದ ಪಾಸ್‌ಬುಕ್ ಇರುತ್ತವೆ. ಲೆಕ್ಕಕ್ಕೆ ಹೇಳುವುದಾದರೆ, ಎರಡು ಎಕರೆಯಲ್ಲಿ 80 ಟನ್ ಬಂದು ಟನ್ನಿಗೆ 3,000 ರೂಪಾಯಿ ಸಿಕ್ಕರೆ 2.4 ಲಕ್ಷ ಆಯಿತು. ಖರ್ಚು ಕಳೆಯಲಿ. ಆದರೆ 'ಏನೂ ಇಲ್ಲ' ಎನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು ಎಂದಿತು. ಅದರಲ್ಲಿ ಕೃಷಿಕರಿಗೆ ಬೇರೆಯದೇ ನಮೂನೆ ಇದೆ. ನೀರಾವರಿಯೋ ಒಣಬೇಸಾಯವೋ, ಮೂರು ವರ್ಷದ ಆದಾಯ ಎಷ್ಟು, ಲಾವಣಿ (ಗೇಣಿ) ಹಿಡಿದ ಹೊಲ ಇದೆಯೋ, ಎಮ್ಮೆ ಆಕಳು ಎಷ್ಟು ಎಂದೆಲ್ಲ ಬರೆಯಬೇಕು. ಎದುರಿನವರು ಇದನ್ನು ತುಂಬಿ ಕೊಟ್ಟಿಲ್ಲ ಎಂದರೆ ನಿಮ್ಮ ವಕೀಲರಿಗೆ ನೆನಪಿಸಿ. ಎಷ್ಟೋ ಕಡೆ ಎರಡು ಸಾಲು ಗೀಚಿ ಕೊಟ್ಟುಬಿಡುತ್ತಾರೆ, ಯಾರೂ ಕೇಳುವುದಿಲ್ಲ.

4. ಜೀವನಾಂಶ ಎಲ್ಲಿ ಕೇಳಬೇಕು

ದಾರಿ ಎರಡು ಮೂರು ಇವೆ. ವಿಚ್ಛೇದನದ ಕೇಸು ಹಾಕದೆಯೂ ಜೀವನಾಂಶ ಕೇಳಬಹುದು. ಮೊದಲಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಮು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಆಗಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲರಿಗೂ ಇದು ಒಂದೇ. ತಲಾಖ್ ಆದ ಮುಸ್ಲಿಂ ಹೆಣ್ಣುಮಗಳೂ ಕೇಳಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೇ ಉಸಿರಿನ ತ್ರಿವಳಿ ತಲಾಖ್ ಅಂತೂ 2019ರ ಕಾಯ್ದೆಯಿಂದ ಚಲಾವಣೆಯಲ್ಲೇ ಇಲ್ಲ.

ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಮಧ್ಯಂತರ ಜೀವನಾಂಶ ಕೇಳಬೇಕು, ತೀರ್ಪಿನ ಹೊತ್ತಿಗೆ 25ನೇ ಕಲಮಿನಡಿ ಕಾಯಂ ಜೀವನಾಂಶ. ಈ ಎರಡನ್ನು ಗಂಡನೂ ಕೇಳಬಹುದು. ಮೊತ್ತಕ್ಕೆ ಇಂತಿಷ್ಟು ಪಾಲು ಎಂಬ ಸೂತ್ರ ಕಾನೂನಿನಲ್ಲಿಲ್ಲ. ಎರಡೂ ಕಡೆಯ ಆದಾಯ, ಖರ್ಚು, ಮಕ್ಕಳ ಶಾಲೆ, ಮೊದಲು ಬದುಕಿದ ರೀತಿ ನೋಡಿ ಜಡ್ಜ್ ಹೇಳುತ್ತಾರೆ. ಹಣ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಆದ್ದರಿಂದ 'ನೋಡೋಣ, ಮನಸ್ಸು ಬದಲಾದೀತು' ಎಂದು ವರ್ಷ ಕಳೆದರೆ ಆ ವರ್ಷದ ದುಡ್ಡು ಹೋಯಿತು ಅಂತಲೇ ತಿಳಿಯಿರಿ.

5. ಹೊಲ, ಮನೆ, ಬಂಗಾರ

ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಎಂಬ ಕಾನೂನು ನಮ್ಮಲ್ಲಿಲ್ಲ. ಯಾರ ಹೆಸರಿನಲ್ಲಿದೆಯೋ ಅವರದು. ಗಂಡ ಬದುಕಿರುವಾಗ ಅವನ ಹೊಲದಲ್ಲಿ ಪಾಲು ಕೇಳಲು ಬರುವುದಿಲ್ಲ. ಆದರೆ ಜೀವನಾಂಶದ ಹಣಕ್ಕೆ ಭದ್ರತೆಯಾಗಿ ಅವನ ಸ್ಥಿರಾಸ್ತಿಯ ಮೇಲೆ ಬೋಜಾ ಕೂರಿಸಿ ಎಂದು 25ನೇ ಕಲಮಿನಡಿ ಕೇಳಬಹುದು. ಕೇಸು ಬಿದ್ದ ಕೂಡಲೇ ಹೊಲವನ್ನು ತಮ್ಮನ ಹೆಸರಿಗೆ ಮಾಡುವ ಗಂಡಂದಿರಿಗೆ ಇದು ಸರಿಯಾದ ಲಗಾಮು.

ತವರಿನವರು ಹಾಕಿದ ಬಂಗಾರ, ಆಹೇರಿಯಲ್ಲಿ ಬಂದ ಒಡವೆ ಸ್ತ್ರೀಧನ. ಅದು ಪೂರ್ತಿ ಅವಳದು. ಬೋರಮಾಳ, ಪಾಟಲಿ ಎಂದು ಒಂದೊಂದನ್ನೂ ತೂಕ ಸಮೇತ ಪಟ್ಟಿ ಮಾಡಿ. ಮದುವೆ ಫೋಟೊದಲ್ಲಿ ಕಾಣುವುದನ್ನು ಗುರುತು ಹಾಕಿ. ಅವಳ ಬಂಗಾರ ಗಂಡನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಅಡವು ಇದ್ದರೆ ಬಿಡಿಸಿಕೊಡುವ ತಾರೀಖನ್ನು ಒಪ್ಪಂದದಲ್ಲೇ ಬರೆಸಿ. ಸಂಘದ ಸಾಲವೂ ಹಾಗೆಯೇ. ಸಾಲ ಹೆಂಡತಿಯ ಹೆಸರಿನಲ್ಲಿ, ಖರ್ಚಾದದ್ದು ಗಂಡನ ಬೋರ್‌ವೆಲ್ಲಿಗೆ. ಬೇರೆಯಾದ ಮೇಲೆ ಕಂತು ಕೇಳಲು ತವರಿನ ಬಾಗಿಲಿಗೆ ಬರುತ್ತಾರೆ.

ಪಿತ್ರಾರ್ಜಿತ ಹೊಲದಲ್ಲಿ ಮಕ್ಕಳ ಪಾಲು ಬೇರೆ ವಿಷಯ. ಮಗು ತಾಯಿಯ ಹತ್ತಿರ ಇದ್ದರೂ ಆ ಹಕ್ಕು ಹೋಗುವುದಿಲ್ಲ. 2005ರ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಷ್ಟೇ. 'ಮಕ್ಕಳ ಪಾಲನ್ನೂ ಬಿಟ್ಟಿದ್ದೇವೆ' ಎಂದು ತಾಯಿ ಬಾಂಡಿನಲ್ಲಿ ಬರೆದುಕೊಟ್ಟರೆ ಅದು ನಿಲ್ಲುವುದಿಲ್ಲ. ಅಪ್ರಾಪ್ತರ ಸ್ಥಿರಾಸ್ತಿ ಪರಭಾರೆಗೆ ಕೋರ್ಟಿನ ಅನುಮತಿ ಬೇಕು.

6. ಮಕ್ಕಳು ಯಾರ ಹತ್ತಿರ

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ. ಆಮೇಲೆ ಮಗುವಿನ ಹಿತವೇ ಮುಖ್ಯ, ಸ್ವಲ್ಪ ದೊಡ್ಡ ಮಗುವಾದರೆ ಅದನ್ನೂ ಕೇಳುತ್ತಾರೆ. ಗಂಡು ಮಗ ತಂದೆಗೆ, ಹೆಣ್ಣು ಮಗಳು ತಾಯಿಗೆ ಎಂದು ಹಿರಿಯರು ಹಂಚುವುದುಂಟು. ಕಾನೂನಿಗೆ ಆ ಲೆಕ್ಕ ಗೊತ್ತಿಲ್ಲ, ಮಕ್ಕಳಿಗೂ ಅದು ಒಳ್ಳೆಯದಲ್ಲ. ಭೇಟಿಯ ದಿನ ಬರೆಯುವಾಗ 'ಬೇಕಾದಾಗ ನೋಡಬಹುದು' ಎನ್ನಬೇಡಿ. ಎರಡನೇ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5, ದೀಪಾವಳಿಗೆ ಎರಡು ದಿನ, ಬೇಸಿಗೆ ರಜೆಯಲ್ಲಿ ಹತ್ತು ದಿನ, ಕರೆದೊಯ್ಯುವವರು ಯಾರು, ಬಿಡುವವರು ಯಾರು ಎಂದು ಬಿಡಿಸಿ ಬರೆಯಿರಿ. ಪರಿಸ್ಥಿತಿ ಬದಲಾದರೆ ಆದೇಶ ಬದಲಿಸಿ ಎಂದು ಮತ್ತೆ ಕೋರ್ಟಿಗೆ ಹೋಗಬಹುದು.

7. ಒಪ್ಪಿಗೆಯ ಅರ್ಜಿ

ಒಪ್ಪಿಗೆ ಇಲ್ಲದಿದ್ದರೆ ಕ್ರೌರ್ಯ, ಎರಡು ವರ್ಷ ಬಿಟ್ಟುಹೋದದ್ದು ಮುಂತಾದ ಕಾರಣ ತೋರಿಸಿ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಡಿ ಹೋರಾಡಬೇಕು. ಅದು ಉದ್ದದ ದಾರಿ. ಒಪ್ಪಿಗೆ ಇದ್ದರೆ 13ಬಿ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಆರು ತಿಂಗಳ ಮೇಲೆ, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಈ ಆರು ತಿಂಗಳನ್ನು ತಕ್ಕ ಪ್ರಕರಣದಲ್ಲಿ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೇ ಹೇಳಿಕೆಗೆ ಮೊದಲು ಯಾರು ಬೇಕಾದರೂ ಹಿಂದೆ ಸರಿಯಬಹುದು. ಅದಕ್ಕೇ ಹಣವನ್ನು ಎರಡು ಭಾಗ ಮಾಡಿ. ಅರ್ಧ ಮೊದಲ ಹೇಳಿಕೆಯ ದಿನ, ಉಳಿದರ್ಧ ಕೊನೆಯ ಹೇಳಿಕೆಯ ದಿನ ಜಡ್ಜ್ ಎದುರಿಗೇ ಡಿಡಿಯಲ್ಲಿ. ನಗದು ಬೇಡವೇ ಬೇಡ. ಹಿರಿಯರ ಮುಂದೆ ಆದ ಮಾತೆಲ್ಲ ಈ ಅರ್ಜಿಯ ಒಳಗೆ ಷರತ್ತಾಗಿ ಬರಬೇಕು.

8. ತೀರ್ಪು ಬಂದ ಮೇಲೆ

ತೀರ್ಪಿನ ಮತ್ತು ಡಿಕ್ರಿಯ ದೃಢೀಕೃತ ಪ್ರತಿಗಳನ್ನು ಎರಡು ಮೂರು ತೆಗೆಸಿಡಿ. ರೇಷನ್ ಕಾರ್ಡು ಬೇರೆ ಮಾಡಿಸಿ, ಬ್ಯಾಂಕು ಮತ್ತು ವಿಮೆಯ ನಾಮಿನಿ ಬದಲಿಸಿ. ಹೋರಾಡಿ ಬಂದ ತೀರ್ಪಾದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಮರುಮದುವೆ ಮಾತು ಎತ್ತಬೇಡಿ.

144ನೇ ಕಲಮಿನಡಿ ಆದ ಜೀವನಾಂಶ ಬಾಕಿ ಬಿದ್ದರೆ ವಸೂಲಿ ಅರ್ಜಿ ಹಾಕಿ. ಕೋರ್ಟ್ ವಾರಂಟ್ ಹೊರಡಿಸುತ್ತದೆ, ಆಗಲೂ ಕಟ್ಟದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಈ ಅರ್ಜಿ ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಬೀಳಬೇಕು. ಬ್ಯಾಂಕ್ ಪಾಸ್‌ಬುಕ್ ಪ್ರತಿ ತಿಂಗಳೂ ಎಂಟ್ರಿ ಮಾಡಿಸುತ್ತಿದ್ದರೆ ಯಾವ ತಿಂಗಳದು ಬಂದಿಲ್ಲ ಎಂದು ಬೇರೆ ಸಾಕ್ಷಿ ಹುಡುಕಬೇಕಿಲ್ಲ.